ದೇವಿಮನೆ ಘಟ್ಟದಲ್ಲಿ ಮಗುಚಿದ ಚಿರೆಕಲ್ಲಿನ ಲಾರಿ: ಹಮಾಲನೊಬ್ಬನ ಪರಿಹಾರದ ಪ್ರಕರಣ

ಕರಾವಳಿಯ ಕ್ವಾರಿಗಳಲ್ಲಿ ಕಡಿದ ಚಿರೆಕಲ್ಲು ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಮನೆ ಕಟ್ಟುವ ಜಾಗಗಳಿಗೆ ಹೋಗುವಾಗ, ಅದನ್ನು ಇಳಿಸುವ ಇಬ್ಬರು ಮೂವರು ಹಮಾಲರೂ ಅದೇ ಲಾರಿಯಲ್ಲಿ ಹೋಗುತ್ತಾರೆ. ಅವರಿಗೆ ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಲೋಡಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಗೊತ್ತುಮಾಡಿದ ಕೂಲಿ ಸಂಜೆ ಕೈಗೆ ಬರುತ್ತದೆ. ಲಾರಿ ಮಗುಚಿದ ದಿನ ಅವರು ಯಾರ ಕೆಲಸದಲ್ಲಿದ್ದರು, ಯಾಕೆ ಆ ಲಾರಿಯಲ್ಲಿದ್ದರು ಎಂಬುದನ್ನು ಮೊದಲ ಕಾಗದದಲ್ಲಿ ಯಾರು ಹೇಗೆ ಬರೆಸಿದರು ಎಂಬುದರ ಮೇಲೆ ಮುಂದಿನ ಎಲ್ಲವೂ ನಿಲ್ಲುತ್ತದೆ. ಅಂಥ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿಡುವುದು ಈ ಬರಹದ ಉದ್ದೇಶ. ಯಾವೊಬ್ಬರ ಗುರುತೂ ಸಿಗಬಾರದೆಂದು, ಈ ದಾರಿಯ ಅಪಘಾತಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೆಣೆದಿದ್ದೇನೆ. ಇಲ್ಲಿ ಬರುವ ಕಾನೂನು, ತೀರ್ಪುಗಳು ಮತ್ತು ಲೆಕ್ಕದ ಸೂತ್ರಗಳು ಮಾತ್ರ ಇದ್ದಂತೆಯೇ ಇವೆ. ಅಪಘಾತದ ಕಾಲವನ್ನು 2021ರ ಡಿಸೆಂಬರ್ ಎಂದು ಇಟ್ಟುಕೊಂಡಿದ್ದೇನೆ. ಪರಿಹಾರದ ಹಕ್ಕು ಅಪಘಾತದ ದಿನವೇ ಹುಟ್ಟುತ್ತದೆ, ಆ ದಿನ ಜಾರಿಯಲ್ಲಿದ್ದ ಕಾನೂನೇ ಅದನ್ನು ಆಳುತ್ತದೆ. ಆದ್ದರಿಂದ ತಾರೀಖಿಲ್ಲದೆ ಇಂಥ ಪ್ರಕರಣದ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು.

ನಡೆದ ಸಂಗತಿ

ಗಾಯಗೊಂಡವನು ಕುಮಟಾ ತಾಲ್ಲೂಕಿನ ಒಳನಾಡಿನ ಹಳ್ಳಿಯವನು, ವಯಸ್ಸು 35. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಕೆಲವು ವರ್ಷಗಳಿಂದ ಒಂದೇ ಮಿನಿ ಲಾರಿಯ ಮಾಲೀಕನ ಬಳಿ ಕಲ್ಲು ಹೇರುವ ಮತ್ತು ಇಳಿಸುವ ಕೆಲಸ ಮಾಡುತ್ತಿದ್ದ. ದಿನಕ್ಕೆ ಸರಾಸರಿ 700 ರೂಪಾಯಿ. ಮಳೆಗಾಲದಲ್ಲಿ ಕ್ವಾರಿ ನಿಂತಾಗ ಗದ್ದೆ ಕೆಲಸ. ಆ ದಿನ ಬೆಳಿಗ್ಗೆ ಲೋಡು ಹೇರಿ ಶಿರಸಿ ಕಡೆಗೆ ಹೊರಟ ಲಾರಿಯ ಕ್ಯಾಬಿನ್ನಿನಲ್ಲಿ ಚಾಲಕ, ಇವನು ಮತ್ತು ಇನ್ನೊಬ್ಬ ಹಮಾಲ ಇದ್ದರು. ಕತಗಾಲ ದಾಟಿ ದೇವಿಮನೆ ಘಟ್ಟದ ಏರು ತಿರುವಿನಲ್ಲಿ ಗೇರು ಬೀಳದೆ ಲಾರಿ ಹಿಂದಕ್ಕೆ ಸರಿದು, ಎಡಮಗ್ಗುಲಾಗಿ ಮಗುಚಿತು. ಎಡಗಡೆಯ ಕಿಟಕಿಯ ಬಳಿ ಕುಳಿತಿದ್ದ ಇವನ ಎಡಗಾಲು ನುಜ್ಜಾದ ಬಾಗಿಲಿಗೂ ಜಾರಿಬಂದ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತು. ಚಾಲಕನ ತೋಳು ಮುರಿಯಿತು. ಇನ್ನೊಬ್ಬ ಹಮಾಲ ತರಚು ಗಾಯಗಳೊಂದಿಗೆ ಪಾರಾದ.

ಹಿಂದಿನಿಂದ ಬರುತ್ತಿದ್ದ ವಾಹನದವರು ಅವರನ್ನು ಶಿರಸಿಗೆ ಸಾಗಿಸಿದರು. ರಕ್ತಸ್ರಾವ ತಡೆಯುವ ಪ್ರಾಥಮಿಕ ಚಿಕಿತ್ಸೆಯ ನಂತರ ಹುಬ್ಬಳ್ಳಿಗೆ ಕಳುಹಿಸಲಾಯಿತು. ಉತ್ತರ ಕನ್ನಡದಲ್ಲಿ ತೀವ್ರ ಗಾಯಾಳುವಿನ ಹಣೆಬರಹ ಬಹುತೇಕ ಹೀಗೆಯೇ ಇದೆ: ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಗೋವೆಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಏಳುತ್ತಿರುವುದು ಇದೇ ಕಾರಣಕ್ಕೆ. ಪರಿಹಾರದ ಪ್ರಕರಣಕ್ಕೂ ಇದರಿಂದ ಪೆಟ್ಟು ಬೀಳುತ್ತದೆ, ಏಕೆಂದರೆ ಅಪಘಾತ ಒಂದು ಠಾಣೆಯ ವ್ಯಾಪ್ತಿಯಲ್ಲಿ, ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವ ಎಂ.ಎಲ್.ಸಿ. (ವೈದ್ಯಕೀಯ-ಕಾನೂನು ಪ್ರಕರಣದ) ಮಾಹಿತಿ ಇನ್ನೊಂದು ಜಿಲ್ಲೆಯಲ್ಲಿ, ಮುಂದೆ ಸಾಕ್ಷಿ ಹೇಳಬೇಕಾದ ವೈದ್ಯರು ನೂರು ಕಿಲೋಮೀಟರು ದೂರದಲ್ಲಿ. ಹುಬ್ಬಳ್ಳಿಯಲ್ಲಿ ಮೂರನೆಯ ದಿನ ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಬೇಕಾಯಿತು. ಉಳಿದ ಮೋಟಿನ ಉದ್ದ ಸುಮಾರು 10 ಸೆಂಟಿಮೀಟರ್. ಈ ಅಳತೆ ಮುಂದೆ ಲೆಕ್ಕಕ್ಕೆ ಬರುತ್ತದೆ.

ಮೊದಲ ಕಾಗದ

ಗಾಯಾಳು ಎಚ್ಚರ ತಪ್ಪಿದ್ದಾಗ ಠಾಣೆಗೆ ದೂರು ಕೊಟ್ಟವನು ಲಾರಿ ಮಾಲೀಕನ ಸಂಬಂಧಿ. ಕುಮಟಾದಿಂದ ಶಿರಸಿಗೆ ಹೋಗಬೇಕಿದ್ದ ಪರಿಚಯದವರಿಬ್ಬರು ದಾರಿಯಲ್ಲಿ ಲಾರಿ ಹತ್ತಿದ್ದರು ಎಂದು ಅವನು ಬರೆಸಿದ. ಎಫ್‌ಐಆರ್ ಹಾಗೆಯೇ ದಾಖಲಾಯಿತು. ಚಾಲಕನ ಮೇಲೆ ಭಾರತೀಯ ದಂಡ ಸಂಹಿತೆಯ 279 ಮತ್ತು 338ನೇ ಕಲಮುಗಳಡಿ ಪ್ರಕರಣವಾಯಿತು. ಆಸ್ಪತ್ರೆಯ ದಾಖಲೆಯಲ್ಲಿಯೂ ಜೊತೆಗೆ ಹೋದವರು ಹೇಳಿದಂತೆ ಲಾರಿಯಲ್ಲಿ ಪ್ರಯಾಣಿಸುವಾಗ ಅಪಘಾತ ಎಂದಷ್ಟೇ ಇತ್ತು. ಕಲ್ಲು, ಕೂಲಿ, ಇಳಿಸುವ ಕೆಲಸ ಇವು ಯಾವುವೂ ಎಲ್ಲಿಯೂ ಬರಲಿಲ್ಲ.

ಮಾಲೀಕ ಹೀಗೆ ಬರೆಸಲು ಕಾರಣವಿತ್ತು. ಅವನಿಗಿದ್ದದ್ದು ಒಂದೇ ಲಾರಿ, ಅದೂ ಸಾಲದ ಮೇಲೆ. ಅವನ ಪಾಲಿಸಿ ಬರೀ ಥರ್ಡ್ ಪಾರ್ಟಿ ವಿಮೆಯದು. ಹಮಾಲರಿಗೆಂದು ಪ್ರತ್ಯೇಕ ಪ್ರೀಮಿಯಂ ಕಟ್ಟಿರಲಿಲ್ಲ. ಕೂಲಿಯಾಳು ಎಂದು ಒಪ್ಪಿದರೆ ವಿಮೆ ಸಿಗದು, ಎಲ್ಲವೂ ತನ್ನ ತಲೆಗೇ ಬರುತ್ತದೆ ಎಂದು ಅವನು ನಂಬಿದ್ದ. ಕಾನೂನು ಇರುವುದು ಇದಕ್ಕೆ ತೀರಾ ವಿರುದ್ಧವಾಗಿ. ಆಗ ಜಾರಿಯಲ್ಲಿದ್ದ ಮೋಟಾರು ವಾಹನ ಕಾಯ್ದೆಯ 147ನೇ ಕಲಮಿನ ಪ್ರಕಾರ, ಸರಕು ಸಾಗಣೆ ವಾಹನದಲ್ಲಿ ಕೆಲಸದ ನಿಮಿತ್ತ ಸಾಗುವ ನೌಕರರ ವಿಷಯದಲ್ಲಿ ನೌಕರರ ಪರಿಹಾರ ಕಾಯ್ದೆಯಡಿ ಬರುವ ಹೊಣೆಯನ್ನು ಕಡ್ಡಾಯ ವಿಮೆಯೇ ಹೊರಬೇಕು. ಅದಕ್ಕೆ ಬೇರೆ ಪ್ರೀಮಿಯಂ ಬೇಕಿಲ್ಲ. ವಿಮೆ ತಪ್ಪುವುದು ಪುಕ್ಕಟೆ ಪ್ರಯಾಣಿಕನ ವಿಷಯದಲ್ಲಿ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟ್ 2002ರ ಆಶಾ ರಾಣಿ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಅಂದರೆ ಮಾಲೀಕ ತನ್ನನ್ನು ಉಳಿಸಿಕೊಳ್ಳಲೆಂದು ಬರೆಸಿದ ಸುಳ್ಳು ನಿಂತಿದ್ದರೆ, ವಿಮಾ ಕಂಪನಿ ಕೈ ತೊಳೆದುಕೊಂಡು ಇಡೀ ಹೊರೆ ಅವನ ಮೇಲೆಯೇ ಬೀಳುತ್ತಿತ್ತು, ಅವನಲ್ಲಿ ಕೊಡಲು ಏನೂ ಇಲ್ಲದ್ದರಿಂದ ಗಾಯಾಳುವಿಗೂ ಏನೂ ಸಿಗುತ್ತಿರಲಿಲ್ಲ. ಈ ಜಿಲ್ಲೆಯ ಸಣ್ಣ ಲಾರಿ ಮಾಲೀಕರಿಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಹಮಾಲನನ್ನು ಹಮಾಲನೆಂದು ಒಪ್ಪುವುದರಲ್ಲಿಯೇ ನಿಮ್ಮ ರಕ್ಷಣೆಯೂ ಇದೆ.

ಸುಳ್ಳನ್ನು ಸರಿಪಡಿಸುವ ಕೆಲಸ ಗಾಯಾಳುವಿನ ಹೆಂಡತಿಯಿಂದ ಶುರುವಾಯಿತು. ಮಾಲೀಕನ ಕಡೆಯವರು ಆಸ್ಪತ್ರೆಗೆ ಬಂದು 60,000 ರೂಪಾಯಿ ಕೊಡುತ್ತೇವೆ, ಸ್ಟಾಂಪ್ ಕಾಗದದ ಮೇಲೆ ಮುಂದೆ ಯಾವ ಕ್ಲೇಮೂ ಇಲ್ಲವೆಂದು ಸಹಿ ಹಾಕಿ ಎಂದಾಗ, ಆಕೆ ಕಾಗದವನ್ನು ಮನೆಗೆ ತಂದು ಓದಿಸಿ ನೋಡುತ್ತೇನೆ ಎಂದಳು. ಊರಿನ ಹಿರಿಯರು ಸಂಧಾನವನ್ನೇ ಹೇಳಿದರು. ಕೋರ್ಟಿಗೆ ಹೋದವರು ಉದ್ಧಾರವಾದದ್ದುಂಟೇ ಎಂಬ ಮಾತೂ ಬಂತು. ಆ ಹಿರಿಯರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಅಂಥ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಕಲಮಿನಂತೆ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಯಾವ ಕರಾರೂ ಆ ಮಟ್ಟಿಗೆ ಶೂನ್ಯ; 28ನೇ ಕಲಮಿನಂತೆ ಪರಿಹಾರದ ಒಪ್ಪಂದವನ್ನು, ಈ ಕಾಯ್ದೆಯಡಿ ಪರಿಹಾರವನ್ನು ತೀರ್ಮಾನಿಸುವ ಆಯುಕ್ತರ ಮುಂದೆ ನೋಂದಾಯಿಸಬೇಕು, ಮೊತ್ತ ತೀರಾ ಕಡಿಮೆಯಾಗಿದ್ದರೆ ಅಥವಾ ಮೋಸ, ಒತ್ತಡದಿಂದ ಪಡೆದದ್ದಾಗಿದ್ದರೆ ಆಯುಕ್ತರು ನೋಂದಣಿಯನ್ನೇ ನಿರಾಕರಿಸಬಹುದು. ಸಾವಿನ ಪ್ರಕರಣದಲ್ಲಂತೂ ಹಣವನ್ನು ಆಯುಕ್ತರಲ್ಲಿ ಠೇವಣಿ ಇಡಲೇಬೇಕು. ಕುಟುಂಬದ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರವೆಂದೇ ಎಣಿಕೆಯಾಗುವುದಿಲ್ಲ.

ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಆಕೆಗೆ ವಕೀಲರು ಸಿಕ್ಕರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಆದಾಯ ಮಿತಿಯೊಳಗಿನವರು ಉಚಿತ ವಕೀಲರಿಗೆ ಅರ್ಹರು. ಕಾಲು ಕಳೆದುಕೊಂಡವನು ಆ ಕಾರಣಕ್ಕೇ ಅರ್ಹನಾಗುತ್ತಾನೆ. 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ಸಿಗುತ್ತದೆ.

ವಕೀಲರು ಮೊದಲು ಮಾಡಿಸಿದ್ದು ಗಾಯಾಳುವಿನ ಸ್ವಂತ ಹೇಳಿಕೆ. ಮಾತನಾಡುವ ಸ್ಥಿತಿಗೆ ಬಂದ ಕೂಡಲೇ ತನಿಖಾಧಿಕಾರಿಗೆ ಬರಹದಲ್ಲಿ ಮನವಿ ಕೊಟ್ಟು, ಅದರ ಪ್ರತಿಯನ್ನು ಮೇಲಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದರಿಂದ ಹೇಳಿಕೆ ದಾಖಲಾಯಿತು. ಇನ್ನೊಬ್ಬ ಹಮಾಲನ ಹೇಳಿಕೆಯೂ ಸೇರಿತು. ಅವನು ಮೊದಲು ಹಿಂಜರಿದ. ಅದೇ ಮಾಲೀಕನ ಕೆಲಸವನ್ನೇ ನಂಬಿದವನು ಹಿಂಜರಿಯದೆ ಇರುವುದಾದರೂ ಹೇಗೆ? ಸತ್ಯ ಹೇಳಿದರೆ ವಿಮೆಯೇ ಹಣ ಕೊಡುತ್ತದೆ, ಮಾಲೀಕನ ಮನೆ ಮುಳುಗುವುದಿಲ್ಲ ಎಂದು ತಿಳಿದ ಮೇಲೆ ಒಪ್ಪಿದ. ಕಡೆಗೆ ಮಾಲೀಕನೂ ಇದನ್ನು ಅರಿತುಕೊಂಡ. ದೋಷಾರೋಪ ಪಟ್ಟಿಯಲ್ಲಿ ಇಬ್ಬರನ್ನೂ ಕಲ್ಲು ಇಳಿಸುವ ಕೆಲಸಗಾರರೆಂದು ತೋರಿಸಲಾಯಿತು.

ಕೂಲಿ ಸಂಬಂಧವನ್ನು ತೋರಿಸುವ ಕಾಗದ ಹುಡುಕಿದಾಗ ಸಿಕ್ಕದ್ದು ಮೂರು ಸಂಗತಿ. ಚಿಲ್ಲರೆ ಇಲ್ಲದ ದಿನಗಳಲ್ಲಿ ಮಾಲೀಕ ಫೋನ್‌ಪೇ ಮೂಲಕ ಕೂಲಿ ಹಾಕಿದ್ದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಿಂಗಳುಗಟ್ಟಲೆ ಸಾಲಾಗಿ ಕಾಣುತ್ತಿತ್ತು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ಸಾಗಣೆ ಪರವಾನಗಿಯಲ್ಲಿ ಆ ದಿನದ ವಾಹನದ ಸಂಖ್ಯೆ, ಹೊರಟ ಜಾಗ, ಸೇರಬೇಕಾದ ಜಾಗ ಇತ್ತು. ಘಟನಾ ಸ್ಥಳದ ಪಂಚನಾಮೆಯಲ್ಲಿ ಚೆಲ್ಲಿದ ಕಲ್ಲಿನ ಉಲ್ಲೇಖವಿತ್ತು. ಹಾಜರಿ ಪುಸ್ತಕವಿಲ್ಲದವನ ಹಾಜರಿ ಹೀಗೆ ಬೇರೆ ಬೇರೆ ಕಡೆಯಿಂದ ಸಿದ್ಧವಾಯಿತು. ಕೂಲಿಯನ್ನು ಪೂರ್ತಿ ನಗದಿನಲ್ಲೇ ಪಡೆಯುವವರು ವಾರಕ್ಕೊಮ್ಮೆಯಾದರೂ ಖಾತೆಗೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಎರಡು ಬಾಗಿಲು

ವಾಹನ ಅಪಘಾತದಲ್ಲಿ ಗಾಯಗೊಂಡ ಕೆಲಸಗಾರನ ಮುಂದೆ ಎರಡು ಕಾಯ್ದೆಗಳಿವೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೇ ನೌಕರರ ಪರಿಹಾರ ಕಾಯ್ದೆಯಡಿ ಆಯುಕ್ತರ ಮುಂದೆ ಹೋಗಬಹುದು. ಕರ್ನಾಟಕದಲ್ಲಿ ಈ ಆಯುಕ್ತರ ಅಧಿಕಾರವನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ಚಲಾಯಿಸುತ್ತಾರೆ. 167ನೇ ಕಲಮಿನಂತೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಇಡೀ ಪ್ರಕರಣದಲ್ಲಿ ಹೆಚ್ಚು ಯೋಚನೆ ಬೇಡಿದ ಘಟ್ಟ ಇದು.

ನೌಕರರ ಪರಿಹಾರ ಕಾಯ್ದೆ ಇವನಿಗೆ ಅನ್ವಯಿಸುವುದರಲ್ಲಿ ಸಂಶಯವಿರಲಿಲ್ಲ. ಯಾಂತ್ರಿಕ ವಾಹನಕ್ಕೆ ಸರಕು ಹೇರುವ, ಇಳಿಸುವ ಕೆಲಸ ಆ ಕಾಯ್ದೆಯ ಎರಡನೇ ಅನುಸೂಚಿಯ ಮೊದಲ ಬಾಬಿನಲ್ಲಿಯೇ ಇದೆ. ಆಗೊಮ್ಮೆ ಈಗೊಮ್ಮೆ ಕರೆಯುವ ಬಿಡಿ ಕೂಲಿಯವರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಇಲ್ಲಿ ಯಾರ ತಪ್ಪೆಂದು ಸಾಬೀತುಪಡಿಸಬೇಕಿಲ್ಲ, ಕೆಲಸದ ನಿಮಿತ್ತ ಮತ್ತು ಕೆಲಸದ ನಡುವೆ ಗಾಯವಾಯಿತು ಎಂಬುದು ಸಾಕು. ಬಡ್ಡಿ ವರ್ಷಕ್ಕೆ ಶೇಕಡಾ 12. ಮೋಟಾರು ಪ್ರಕರಣಗಳಲ್ಲಿ ಸಾಮಾನ್ಯವಾಗಿ 6ರಿಂದ 9. ಕೊರತೆಗಳೂ ಚಿಕ್ಕವಲ್ಲ: 2020ರ ಜನವರಿ 3ರಿಂದ ತಿಂಗಳ ವೇತನವನ್ನು ಎಷ್ಟೇ ಇದ್ದರೂ 15,000 ರೂಪಾಯಿಗೆ ಮಿತಿಗೊಳಿಸಲಾಗಿದೆ, ನೋವು ಮತ್ತು ಬದುಕಿನ ಸುಖದ ನಷ್ಟಕ್ಕೆ ಒಂದು ಪೈಸೆಯೂ ಇಲ್ಲ.

ಲೆಕ್ಕ ಹೀಗೆ. ವೇತನದ ಶೇಕಡಾ 60 ಅಂದರೆ 9,000. 35 ವರ್ಷಕ್ಕೆ ನಾಲ್ಕನೇ ಅನುಸೂಚಿಯ ಗುಣಾಂಕ 197.06, ಗುಣಿಸಿದರೆ 17,73,540 ರೂಪಾಯಿ. ಇದು ದುಡಿಯುವ ಶಕ್ತಿ ಪೂರ್ತಿ ಹೋದರೆ ಸಿಗುವ ಮೊತ್ತ. ಮೊಣಕಾಲಿನ ಕೆಳಗೆ 8.89ರಿಂದ 12.70 ಸೆಂಟಿಮೀಟರ್ ಮೋಟು ಉಳಿದರೆ ಮೊದಲ ಅನುಸೂಚಿ ಹೇಳುವ ನಷ್ಟ ಶೇಕಡಾ 50, ಅಂದರೆ 8,86,770. ಈ ಎರಡು ಅಂಕಿಗಳ ನಡುವಿನ ಅಂತರವೇ ಮುಂದಿನ ಹೋರಾಟದ ವಸ್ತು.

ಮೋಟಾರು ವಾಹನ ಕಾಯ್ದೆಯ ಲೆಕ್ಕ ಕಾಗದದ ಮೇಲೆ ಇದಕ್ಕಿಂತ ದೊಡ್ಡದು. ಆದಾಯ 15,000 ಎಂದೇ ಹಿಡಿದರೂ, 40 ವರ್ಷದೊಳಗಿನವನಿಗೆ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಭವಿಷ್ಯದ ಏರಿಕೆಗೆ ಶೇಕಡಾ 40 ಸೇರಿ 21,000. ವರ್ಷದ ಆದಾಯವನ್ನು ಗುಣಿಸಬೇಕಾದ, 2009ರ ಸರಳಾ ವರ್ಮಾ ತೀರ್ಪಿನ ಗುಣಕ 31ರಿಂದ 35ರ ವಯಸ್ಸಿಗೆ 16. ದುಡಿಮೆಯ ನಷ್ಟ ಶೇಕಡಾ 80 ಎಂದುಕೊಂಡರೆ 32,25,600 ರೂಪಾಯಿ. ಇದರ ಮೇಲೆ ಚಿಕಿತ್ಸೆ, ನೋವು, ಕೃತಕ ಕಾಲು, ಆರೈಕೆಯ ಖರ್ಚು. ಇಷ್ಟು ಕಂಡವರು ಮೊದಲ ಬಾಗಿಲನ್ನು ಏಕೆ ತಟ್ಟಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಕೊಡುವವರು ಯಾರು ಎಂಬಲ್ಲಿ ಉತ್ತರವಿದೆ. ಮಾಲೀಕನ ನೌಕರನೇ ಮೋಟಾರು ವಾಹನ ಕಾಯ್ದೆಯಡಿ ಅರ್ಜಿ ಹಾಕಿದಾಗ, ಹೆಚ್ಚುವರಿ ಪ್ರೀಮಿಯಂ ಇಲ್ಲದ ಪಾಲಿಸಿಯಲ್ಲಿ ವಿಮಾ ಕಂಪನಿಯ ಹೊಣೆ ನೌಕರರ ಪರಿಹಾರ ಕಾಯ್ದೆಯ ಮೊತ್ತಕ್ಕೆ ಸೀಮಿತ, ಉಳಿದದ್ದು ಮಾಲೀಕನದು ಎಂದು ಸುಪ್ರೀಂ ಕೋರ್ಟ್ 2005ರ ಪ್ರೇಮ್‌ಬಾಯಿ ಪಟೇಲ್ ಪ್ರಕರಣದಲ್ಲಿ ಹೇಳಿದೆ. ಸಾಲದ ಲಾರಿಯೊಂದನ್ನು ಬಿಟ್ಟರೆ ಏನೂ ಇಲ್ಲದವನ ಮೇಲೆ ಹದಿನೆಂಟು ಲಕ್ಷದಷ್ಟು ಡಿಕ್ರಿ ಪಡೆದು, ವರ್ಷಗಟ್ಟಲೆ ಜಾರಿ ಅರ್ಜಿಯ ಹಿಂದೆ ಓಡಾಡುವುದೇ ಆಗುತ್ತಿತ್ತು. ಆ ಮಾಲೀಕ ವಿಮೆ ಮಾಡಿಸುವಾಗ ಹೇರುವ ಇಳಿಸುವ ಕೆಲಸಗಾರರಿಗೆಂದು ಇರುವ ಸಣ್ಣ ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದರೆ ಈ ಮಾತು ಬೇರೆಯೇ ಇರುತ್ತಿತ್ತು. ಆ ಮೊತ್ತ ಒಂದು ಹೊತ್ತಿನ ಡೀಸೆಲ್ಲಿಗೂ ಸಾಲದು.

ಇಲ್ಲಿ ಇನ್ನೊಂದು ಸಲಹೆಯೂ ಕಿವಿಗೆ ಬಿದ್ದಿತ್ತು: ಇವನನ್ನು ಲಾರಿ ಮಾಲೀಕನ ಆಳೆನ್ನದೆ, ಕಲ್ಲು ಕೊಂಡವರ ಪ್ರತಿನಿಧಿಯಾಗಿ ಸರಕಿನ ಜೊತೆ ಹೋಗುತ್ತಿದ್ದನೆಂದು ಹೇಳಿಸಿದರೆ ವಿಮಾ ಕಂಪನಿಯೇ ಪೂರ್ತಿ ಕೊಡಬೇಕಾಗುತ್ತದೆ ಎಂದು. 147ನೇ ಕಲಮು ಸರಕಿನ ಮಾಲೀಕ ಮತ್ತು ಅವನ ಅಧಿಕೃತ ಪ್ರತಿನಿಧಿಯನ್ನು ಒಳಗೊಳ್ಳುವುದು ನಿಜ, ಅವನು ಕ್ಯಾಬಿನ್ನಿನಲ್ಲಿ ಕುಳಿತಿರಬೇಕೆಂಬ ಷರತ್ತನ್ನೂ ನ್ಯಾಯಾಲಯಗಳು ಹೇಳಿವೆ. ಕಲ್ಲು ಕೊಂಡವರೇ ಕೂಲಿ ಕೊಟ್ಟು ಕಳುಹಿಸಿದ ಹಮಾಲರು ಇದೇ ರಸ್ತೆಯಲ್ಲಿ ಓಡಾಡುತ್ತಾರೆ, ಅವರ ವಿಷಯದಲ್ಲಿ ಅದು ಸತ್ಯವೂ ಆಗಿರುತ್ತದೆ. ಇವನ ವಿಷಯದಲ್ಲಿ ಅಲ್ಲ. ಒಂದು ಸುಳ್ಳನ್ನು ಕಷ್ಟಪಟ್ಟು ತೆಗೆಸಿದವರು ಅದರ ಜಾಗದಲ್ಲಿ ಇನ್ನೊಂದನ್ನು ಇಡಬಾರದು. ಪಾಸ್‌ಬುಕ್ಕಿನ ಸಾಲುಗಳನ್ನೇ ಮುಂದಿಟ್ಟು ಪಾಟಿಸವಾಲಿನಲ್ಲಿ ಅದನ್ನು ಹರಿದುಹಾಕುತ್ತಿದ್ದರು, ನಿಜವಾದ ಹಕ್ಕೂ ಅದರ ಜೊತೆ ಹೋಗುತ್ತಿತ್ತು. ವಕೀಲರು ಆ ಸಲಹೆಯನ್ನು ಒಪ್ಪದೆ ನೌಕರರ ಪರಿಹಾರ ಕಾಯ್ದೆಯಡಿ ಅರ್ಜಿ ಸಲ್ಲಿಸಿದರು. ಅದಕ್ಕೆ ಎರಡು ವರ್ಷದ ಗಡುವಿದೆ. ಇದು ಮೊದಲ ವರ್ಷದಲ್ಲಿಯೇ ದಾಖಲಾಯಿತು. ಅದೇ ಸರಿಯಾದ ಆಯ್ಕೆಯೆಂದು ನನ್ನ ದೃಢ ಅಭಿಪ್ರಾಯ, ಆದರೂ ಕಾಲು ಕಳೆದುಕೊಂಡ ಮೂವತ್ತೈದರ ಯುವಕನ ನೋವಿಗೆ ಸೊನ್ನೆ ಬೆಲೆ ಕಟ್ಟುವ ಕಾಯ್ದೆಯನ್ನು ಆರಿಸಿಕೊಳ್ಳಬೇಕಾದದ್ದು ಬೇಸರದ ಸಂಗತಿಯೇ.

ಚಾಲಕನ ಮುಂದೆ ಇಂಥ ಆಯ್ಕೆ ಇರಲಿಲ್ಲ. ಅವನ ನಿರ್ಲಕ್ಷ್ಯದಿಂದಲೇ ಅಪಘಾತವಾಯಿತೆಂದು ದೋಷಾರೋಪವಿರುವಾಗ 166ನೇ ಕಲಮಿನಡಿ ತನ್ನದೇ ತಪ್ಪಿಗೆ ತಾನೇ ಪರಿಹಾರ ಕೇಳಲಾಗದು. ಆದರೆ ನೌಕರರ ಪರಿಹಾರ ಕಾಯ್ದೆಯಲ್ಲಿ ಅವನ ಅಜಾಗರೂಕತೆ ಅಡ್ಡಿಯಲ್ಲ; ಕುಡಿತ, ಬೇಕೆಂದೇ ಸುರಕ್ಷತಾ ನಿಯಮ ಮುರಿದದ್ದು ಮುಂತಾದ ಕೆಲವೇ ಸಂದರ್ಭಗಳಲ್ಲಿ ಮಾಲೀಕ ಬಿಡುಗಡೆ ಪಡೆಯಬಹುದು, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ರಿಯಾಯಿತಿಯೂ ಇಲ್ಲ. ಮುರಿದ ತೋಳಿಗೆ ಅವನು ಅದೇ ನ್ಯಾಯಾಲಯದಲ್ಲಿ ಪ್ರತ್ಯೇಕ ಅರ್ಜಿ ಹಾಕಿ ತನಗೆ ಬರಬೇಕಾದ್ದನ್ನು ಪಡೆದ.

ಶೇಕಡಾವಾರಿನ ಜಗಳ

ವಿಮಾ ಕಂಪನಿಯ ಮೊದಲ ತಕರಾರು ಎಫ್‌ಐಆರ್ ಮೇಲೆ: ಇವರು ಪ್ರಯಾಣಿಕರು. ಎಫ್‌ಐಆರ್ ತನಿಖೆಗೆ ಚಾಲನೆ ಕೊಡುವ ದಾಖಲೆಯೇ ಹೊರತು ತಾನೇ ಸಾಕ್ಷ್ಯವಲ್ಲ, ದೋಷಾರೋಪ ಪಟ್ಟಿ ಮತ್ತು ಉಳಿದ ಕಾಗದಗಳು ಬೇರೆಯದನ್ನು ಹೇಳುತ್ತವೆ ಎಂಬ ಉತ್ತರ ನಿಂತಿತು. ಎರಡನೆಯದು ಚಾಲಕನ ಪರವಾನಗಿ: ಅವನಲ್ಲಿದ್ದದ್ದು ಲಘು ವಾಹನದ ಲೈಸೆನ್ಸು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಅದೇ ಲೈಸೆನ್ಸಿನಲ್ಲಿ ಓಡಿಸಬಹುದೆಂದು 2017ರ ಮುಕುಂದ್ ದೇವಾಂಗನ್ ತೀರ್ಪು ಹೇಳಿತ್ತು, ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಆ ತಕರಾರೂ ಬಿತ್ತು.

ಉಳಿದದ್ದು ದುಡಿಮೆಯ ನಷ್ಟ ಎಷ್ಟು ಎಂಬುದು. ಅನುಸೂಚಿ ಹೇಳುವ 50ಕ್ಕೇ ನಿಲ್ಲಬೇಕೆಂದು ಕಂಪನಿಯ ವಾದ. ಆದರೆ ಅಂಗದ ನಷ್ಟ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈಯನ್ನು ಮೊಣಕೈ ಮೇಲೆ ಕಳೆದುಕೊಂಡ ಬಡಗಿಯೊಬ್ಬ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾರ, ಆದ್ದರಿಂದ ಅವನದು ಪೂರ್ಣ ನಷ್ಟ ಎಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಅರ್ಧ ಶತಮಾನದ ಹಿಂದೆಯೇ ಹೇಳಿದೆ. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ: ಅದೇ ಕೈ ಹೋದರೆ ಚಾಲಕನ ಅಥವಾ ಬಡಗಿಯ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಲೂಬಹುದು. ಚಿರೆಕಲ್ಲನ್ನು ಎದೆಗೊತ್ತಿ ಹಿಡಿದು, ಹಲಗೆಯ ಮೇಲೆ ಕಾಲೂರಿ ಇಳಿಸುವವನಿಗೆ ಒಂದು ಪಾದವಿಲ್ಲದಿರುವುದೆಂದರೆ ಏನು ಎಂಬುದನ್ನು ಹುಬ್ಬಳ್ಳಿಯ ವೈದ್ಯರ ಸಾಕ್ಷ್ಯ ಮತ್ತು ಅವನ ಸಹ ಕೆಲಸಗಾರನ ಮಾತು ಸೇರಿ ತೋರಿಸಬೇಕಿತ್ತು. ವೈದ್ಯರ ಸಾಕ್ಷ್ಯಕ್ಕಾಗಿಯೇ ಹಲವು ಮುದ್ದತುಗಳು ಹೋದವು.

ಈ ನಡುವೆ ಲೋಕ ಅದಾಲತ್ತಿನಲ್ಲಿ ಕಂಪನಿ ಬಡ್ಡಿಯೂ ಸೇರಿ 9 ಲಕ್ಷ ಕೊಡಲು ಮುಂದೆ ಬಂತು. ಮನೆಯಲ್ಲಿ ಸೊಸೈಟಿಯ ಸಾಲ, ಅಂಗಡಿಯ ಬಾಕಿ, ಮಗಳ ಪ್ರೌಢಶಾಲೆಯ ಖರ್ಚು. ಅದಾಲತ್ತಿನ ರಾಜಿ ಅಂತಿಮ, ಅದರ ಮೇಲೆ ಅಪೀಲಿಲ್ಲ. ಒಪ್ಪಿಕೊಳ್ಳುವ ಕುಟುಂಬಗಳನ್ನು ನಾನು ತಪ್ಪೆಂದು ಎಣಿಸುವುದಿಲ್ಲ. ಇಂದಿನ ಒಲೆ ಉರಿಯಬೇಕಾದವರಿಗೆ ಮೂರು ವರ್ಷದ ನಂತರದ ಬಡ್ಡಿ ಅನ್ನವಾಗುವುದಿಲ್ಲ. ಈ ಕುಟುಂಬಕ್ಕೆ ನಿಲ್ಲಲು ಸಾಧ್ಯವಾದದ್ದು ಎರಡು ಕಾರಣಕ್ಕೆ. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಆದದ್ದರಿಂದ ದೊಡ್ಡ ಸಾಲ ಬಿದ್ದಿರಲಿಲ್ಲ. ಇನ್ನೊಂದು, ಅವನ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 12 ರೂಪಾಯಿ ಕಡಿತವಾಗುತ್ತಿದ್ದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಒಂದು ಕೈ ಅಥವಾ ಒಂದು ಪಾದ ಶಾಶ್ವತವಾಗಿ ಹೋದರೆ ಅದರಲ್ಲಿ 1 ಲಕ್ಷ ರೂಪಾಯಿ, ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಆ ಕಡಿತ ಯಾವುದೆಂದು ಮನೆಯವರಿಗೆ ಗೊತ್ತಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಕೂಲಿಯ ಸಾಲು ಹುಡುಕುವಾಗ ವಕೀಲರ ಕಣ್ಣಿಗೆ ಬಿತ್ತು. ಈಗ ಅದರ ಪ್ರೀಮಿಯಂ ವರ್ಷಕ್ಕೆ 20 ರೂಪಾಯಿ. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರೂ ಒಂದು ವರ್ಗ, ಅಪಘಾತದ ನೆರವೂ ಅದರಲ್ಲಿದೆ. ನೋಂದಣಿ ಮಾಡಿಸದ ಕಾರಣ ಇವನಿಗೆ ಅದು ದಕ್ಕಲಿಲ್ಲ.

2025ರ ಜುಲೈನಲ್ಲಿ ಆದೇಶ ಬಂತು. ದುಡಿಮೆಯ ನಷ್ಟ ಶೇಕಡಾ 80 ಎಂದು ಹಿಡಿದು 14,18,832 ರೂಪಾಯಿ, ಅಪಘಾತದ ಒಂದು ತಿಂಗಳ ನಂತರದಿಂದ ಶೇಕಡಾ 12ರ ಸರಳ ಬಡ್ಡಿ. ಮೂರೂವರೆ ವರ್ಷಕ್ಕೆ ಬಡ್ಡಿಯೇ 5,95,909. ಒಟ್ಟು 20 ಲಕ್ಷ ಮೀರಿತು. ಹುಬ್ಬಳ್ಳಿಗೆ ಓಡಾಡಿದ್ದು, ಔಷಧ ಇವುಗಳಲ್ಲಿ ಬಿಲ್ಲಿದ್ದ ಚಿಕಿತ್ಸಾ ವೆಚ್ಚ ಮಾತ್ರ ಸೇರಿತು. ಹಣ ತಡಮಾಡಿದ್ದಕ್ಕೆ ಮಾಲೀಕನ ಮೇಲೆ ಮೊತ್ತದ ಅರ್ಧದವರೆಗೆ ದಂಡ ಹಾಕುವ ಅವಕಾಶ ನೌಕರರ ಪರಿಹಾರ ಕಾಯ್ದೆಯ 4ಎ ಕಲಮಿನಲ್ಲಿದೆ, ಆ ದಂಡವನ್ನು ವಿಮಾ ಕಂಪನಿ ಹೊರುವುದಿಲ್ಲವೆಂದು 1997ರ ವೇದ್ ಪ್ರಕಾಶ್ ಗರ್ಗ್ ತೀರ್ಪು ಹೇಳುತ್ತದೆ. ಮಾಲೀಕ ವಿಚಾರಣೆಯಲ್ಲಿ ಸತ್ಯವನ್ನೇ ಹೇಳಿದ್ದರಿಂದ ಅರ್ಜಿದಾರ ಅದನ್ನು ಒತ್ತಾಯಿಸಲಿಲ್ಲ.

ಕಂಪನಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವ ಸೂಚನೆ ಕೊಟ್ಟಿತು. ಅದೇ ಕಾಯ್ದೆಯ 30ನೇ ಕಲಮಿನಂತೆ ಗಣನೀಯ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಅಲ್ಲಿ ಅಪೀಲು. ಕರ್ನಾಟಕದಿಂದಲೇ ಹೋದ ಗೊಲ್ಲ ರಾಜಣ್ಣ ಪ್ರಕರಣದಲ್ಲಿ, ಅಂಗವೈಕಲ್ಯದ ಶೇಕಡಾವಾರಿನಂಥ ಸಂಗತಿಗಳಲ್ಲಿ ಆಯುಕ್ತರೇ ಕೊನೆಯ ಮಾತು, ಹೈಕೋರ್ಟ್ ಅದನ್ನು ಮತ್ತೆ ತೂಗಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಪೀಲು ಬರಲಿಲ್ಲ, ಹಣ ಠೇವಣಿಯಾಯಿತು.

ಇಂದು ಇದೇ ಅಪಘಾತವಾದರೆ

ಕೆಲವು ವಿಷಯಗಳು ಬದಲಾಗಿವೆ. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯಡಿ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ತಡವಾಯಿತೆಂಬ ಕಾರಣಕ್ಕೇ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದ್ದರೂ, ಆ ಭರವಸೆಯ ಮೇಲೆ ಕಾಯುವುದು ಬುದ್ಧಿವಂತಿಕೆಯಲ್ಲ. ತಪ್ಪು ಯಾರದೆಂದು ಸಾಬೀತುಪಡಿಸದೆ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಮೊದಲ ಕಾಗದದ ತಪ್ಪನ್ನು ತಿದ್ದಿಸಲು ಸಿಗುವ ಕಾಲ ಈಗ ಇನ್ನೂ ಕಡಿಮೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1923ರ ಕಾಯ್ದೆಯ ಜಾಗವನ್ನು ತೆಗೆದುಕೊಂಡಿದೆ. ಆ ದಿನಕ್ಕಿಂತ ಮೊದಲಿನ ಅಪಘಾತಗಳಿಗೆ ಹಳೆಯ ಕಾಯ್ದೆಯೇ. ಹೊಸ ಸಂಹಿತೆಯಲ್ಲಿ ಹಮಾಲರಿಗೆ ಮುಖ್ಯವಾದ ಒಂದು ಅಂಶವೆಂದರೆ, ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗಿ ಬರುವಾಗಿನ ಅಪಘಾತವನ್ನೂ, ಕೆಲಸಕ್ಕೆ ಅದರ ಸಂಬಂಧ ತೋರಿಸಿದರೆ, ಕೆಲಸದ ಅಪಘಾತವೆಂದೇ ಎಣಿಸಲಾಗುತ್ತದೆ. ಹಳೆಯ ಕಾಯ್ದೆಯ ವಿಷಯದಲ್ಲಿಯೂ ಸುಪ್ರೀಂ ಕೋರ್ಟ್ 2025ರ ಜುಲೈ 29ರಂದು ಇದೇ ಅರ್ಥವನ್ನು ಒಪ್ಪಿದೆ. ಶಿರಸಿಯಲ್ಲಿ ಕಲ್ಲು ಇಳಿಸಿ, ಸಂಜೆ ಖಾಲಿ ಲಾರಿಯಲ್ಲಿ ಘಟ್ಟ ಇಳಿದು ಮನೆಗೆ ಮರಳುವ ಹಮಾಲನಿಗೆ ಆ ಇಳಿಜಾರಿನಲ್ಲಿ ಅಪಘಾತವಾದರೆ, ಕೆಲಸ ಮುಗಿದಿತ್ತು ಎಂಬ ತಕರಾರಿಗೆ ಉತ್ತರ ಕೊಡಲು ಈ ಎರಡೂ ಅವನ ಕೈಯಲ್ಲಿವೆ.